ಹೊಟ್ಟೆ ತುಂಬದ ಕೌದಿ

ನಮಗೆ ಕಲೆ ಗೊತ್ತಿಲ್ಲ ಎಂಬುದು ನಮಗೆ ಗೊತ್ತಾದದ್ದು ಇದ್ದಿಲ ಮೋಟಾರು ಕುಕನೂರಿಗೆ ಬಂದ ವರ್ಷ. ಲಡಾಯಿಯ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ, ಸೀಮೆಎಣ್ಣೆಗೆ ತಾಸುಗಟ್ಟಲೆ ನಿಲ್ಲಬೇಕಿತ್ತು, ಅರಿವೆ ಅಂಗಡಿ ಇಟ್ಟ ನಮ್ಮಪ್ಪನೇ ಮನೆಯ ಹೆಂಗಸರಿಗೆ ಹೊಸ ಸೀರೆ ತರಲು ಹಿಂದೆಮುಂದೆ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ದೂರದ ಒಂದು ಯುನಿವರ್ಸಿಟಿಯವರಿಗೆ ನಮ್ಮ ಚಿಂತೆ ಹತ್ತಿತು. ಯಾವ ಊರಿನದೆಂದು ಹೇಳಿದರೆ ಈಗಲೂ ಯಾರಿಗಾದರೂ ಸಿಟ್ಟು ಬಂದೀತು, ಬಿಡಿ. ಅವರದೊಂದು ಕಲಾ ಸಂಗ್ರಹಾಲಯವಿತ್ತಂತೆ. ಅದರೊಳಗಿನ ಚಿತ್ರ, ಮೂರ್ತಿಗಳನ್ನು ಕಾಲೇಜಿನ ಹುಡುಗರಷ್ಟೇ ನೋಡಿದರೆ ಸಾಲದು, ಹಳ್ಳಿಗಾಡಿನ ಮಂದಿಯೂ ನೋಡಿ ಸುಧಾರಿಸಬೇಕು ಎಂದು ಅಲ್ಲಿಯ ದೊಡ್ಡವರಿಗೆ ಅನಿಸಿತು. ಎಲ್ಲವನ್ನೂ ಹುಲ್ಲು ಹಾಕಿ ಪೆಟ್ಟಿಗೆಗಳಲ್ಲಿ ತುಂಬಿ, ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವ ಮೋಟಾರಿಗೆ ಹೇರಿ, ಯಲಬುರ್ಗಾ, ಕುಕನೂರು, ಕುಷ್ಟಗಿ, ಗಂಗಾವತಿ, ಕಡೆಗೆ ಕೊಪ್ಪಳ ಎಂದು ಹೊರಡಿಸಿದರು. ಕೊಪ್ಪಳದಲ್ಲಿ ಪೆಟ್ಟಿಗೆಗಳನ್ನು ರೈಲಿಗೆ ಹಾಕಿದರೆ ನಮ್ಮ ಉದ್ಧಾರದ ಕೆಲಸ ಮುಗಿದ ಹಾಗೆ.

ನಾನು ಆಗ ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಇದು ಎರಡನೆಯ ಬಸಿರು. ಮೊದಲನೆಯದು ಗಂಗಾವತಿಯ ಅತ್ತೆಯ ಮನೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿ, ಬೆಳಗಾಗುವುದರೊಳಗೆ ಹೋಗಿತ್ತು. ಅದಕ್ಕೇ ಈ ಸಲ ನನ್ನನ್ನು ಎರಡೂ ಮನೆಯವರು ಗಾಜಿನ ಸಾಮಾನು ಹಿಡಿದಂತೆ ಹಿಡಿದಿದ್ದರು. ಕೂತರೆ ತಪ್ಪು, ಎದ್ದರೆ ತಪ್ಪು. ಮೋಟಾರು ಬಂದಾಗ ಮಾತ್ರ ನೋಡಿ ಬರಲು ಅವ್ವ ಕಳಿಸಿದಳು, ಏಕೆಂದರೆ ಅವಳಿಗೂ ನೋಡಬೇಕಿತ್ತು.

ಸಾಲಿಯ ದೊಡ್ಡ ಕೋಣೆಯಲ್ಲಿ ಹೆಂಗಸರಿಗೆಂದೇ ಒಂದು ಮಧ್ಯಾಹ್ನ ಬಿಟ್ಟಿದ್ದರು. ಯುನಿವರ್ಸಿಟಿಯಿಂದ ಬಂದ ಬಾಯಿಸಾಹೇಬರು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಉದ್ದ ಕೋಲು ಹಿಡಿದು, ಉರ್ದುವಿನಲ್ಲಿ ಮಾತಾಡಿದರು. ಅದನ್ನು ಕನ್ನಡ ಮಾಡಿ ಹೇಳಲು ನಮ್ಮೂರ ಮಾಸ್ತರರನ್ನು ನೇಮಿಸಿದ್ದರು. ಹೆಂಗಸರ ನಡುವೆ ಗಂಡಸು ನಿಲ್ಲುವುದು ಹೇಗೆ? ಆದ್ದರಿಂದ ಒಂದು ಜಮಖಾನೆ ಕಟ್ಟಿ ಅವರನ್ನು ಅದರ ಹಿಂದೆ ನಿಲ್ಲಿಸಿದ್ದರು. ಬಾಯಿಸಾಹೇಬರು ಯಾವ ಚಿತ್ರಕ್ಕೆ ಕೋಲು ಮುಟ್ಟಿಸುತ್ತಿದ್ದಾರೆಂದು ಪಾಪ ಮಾಸ್ತರರಿಗೆ ಕಾಣುತ್ತಿರಲಿಲ್ಲ. ಹುಲಿಯ ಚಿತ್ರ ತೋರಿಸುವಾಗ ಅವರು ಹಿಂದಿನ ರಾಣಿಯ ಸೊಂಟವನ್ನೇ ಇನ್ನೂ ವರ್ಣಿಸುತ್ತಿದ್ದರು. ನಾವು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆವು. ನಮ್ಮ ಗಾಂಭೀರ್ಯ ಕಂಡು ಬಾಯಿಸಾಹೇಬರಿಗೆ ಬಹಳ ಸಮಾಧಾನವಾಯಿತು.

ಒಂದು ಸುಣ್ಣದ ತಲೆ ಇತ್ತು, ಮೂಗು ಮುರಿದದ್ದು. ಇದು ಬಹಳ ಹಳೆಯ, ಬಹಳ ದೊಡ್ಡ ಕಲೆ ಎಂದರು. ಹಿರಿಯ ಹೆಂಗಸೊಬ್ಬಳು ಇವನ ಮೂಗು ಯಾತಕ್ಕೆ ಕೊಯ್ದರು ಎಂದು ಕೇಳಿದಳು. ಯಾರೂ ಕೊಯ್ಯಲಿಲ್ಲ, ಕಾಲದಿಂದ ಬಿದ್ದುಹೋಯಿತು ಎಂದು ಜಮಖಾನೆಯ ಹಿಂದಿನಿಂದ ಉತ್ತರ ಬಂತು. ಯಾರೂ ನಂಬಲಿಲ್ಲ. ಸುಮ್ಮಸುಮ್ಮನೆ ಯಾರ ಮೂಗೂ ಹೋಗುವುದಿಲ್ಲ, ಯಾರದೋ ಮನೆ ಹೊಕ್ಕಿರಬೇಕು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಮಾತು. ಆ ಇಡೀ ಪ್ರದರ್ಶನದಲ್ಲಿ ನಮ್ಮೂರ ಹೆಂಗಸರು ಮನಸ್ಸಿಟ್ಟು ನೋಡಿದ್ದು ಅದೊಂದನ್ನೇ.

ಮರುದಿನ ಕೈಯಾರೆ ಮಾಡಿ ಕಲಿಯುವ ಪಾಠ. ಒಂದು ಸ್ಟೂಲಿನ ಮೇಲೆ ತಾಮ್ರದ ಕೊಡ ಇಟ್ಟು, ನಮಗೆಲ್ಲ ಕಾಗದ, ಬಣ್ಣದ ಪೆನ್ಸಿಲು ಕೊಟ್ಟು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದರು. ದಿನಾ ಬೆಳಗ್ಗೆ ಅಂಗಳದಲ್ಲಿ ಎಳೆ ತಪ್ಪದೆ ರಂಗೋಲಿ ಹಾಕುವ ಹೆಂಗಸರು ಪೆನ್ಸಿಲನ್ನು ಬೆಂಕಿಕೊಳ್ಳಿ ಹಿಡಿದಂತೆ ಹಿಡಿದರು. ಕಡೆಗೆ ಬರೆದರು. ಎಲ್ಲರ ಕಾಗದದಲ್ಲೂ ಕೊಡ ಬೋರಲು ಬಿದ್ದಿತ್ತು. ಬಾಯಿಸಾಹೇಬರು ಒಂದೊಂದೇ ಕಾಗದ ನೋಡುತ್ತ ಹೋದರು, ಅವರ ಮುಖ ಸಣ್ಣದಾಗುತ್ತ ಹೋಯಿತು. ಈ ಜನಕ್ಕೆ ಎದುರಿಗಿದ್ದದ್ದನ್ನು ನೋಡುವ ಕಣ್ಣೇ ಇಲ್ಲ ಎಂದು ಮಾಸ್ತರರಿಗೆ ಹೇಳಿದರು. ಅವರು ಅದನ್ನು ಕನ್ನಡ ಮಾಡದೆ ನುಂಗಿಕೊಂಡರು. ನನಗೆ ನಾಲ್ಕು ಇಯತ್ತೆ ಉರ್ದು ಬರುತ್ತಿತ್ತು, ತಿಳಿಯಿತು. ವಿಷಯ ಇಷ್ಟೇ. ನೀರಿಲ್ಲದ ಕೊಡವನ್ನು ಬಾಯಿ ಮೇಲೆ ಮಾಡಿ ಇಡುವ ಹೆಂಗಸು ನಮ್ಮಲ್ಲಿ ಇಲ್ಲ. ನಾಲ್ಕು ಮಂದಿಯ ಎದುರು ಖಾಲಿ ಕೊಡ ನೆಟ್ಟಗೆ ಇಟ್ಟದ್ದು ಬಾಯಿಸಾಹೇಬರ ತಪ್ಪು. ದೊಡ್ಡವರಿಗೆ ಹೇಗೆ ಹೇಳುವುದೆಂದು ಎಲ್ಲರೂ ತಮ್ಮ ತಮ್ಮ ಕಾಗದದಲ್ಲಿ ಅದನ್ನು ಸರಿಮಾಡಿಟ್ಟಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ನಗುತ್ತ ಮರೆತುಬಿಡುತ್ತಿದ್ದೆ. ಬಾಯಿಸಾಹೇಬರ ಕಾರ್ಯಕ್ರಮದಲ್ಲಿ ಮೂರನೆಯ ಭಾಗವೊಂದಿತ್ತು: ಜನರ ಕಲೆಯನ್ನು ಜನರಿಂದಲೇ ತಂದು ತಮ್ಮ ಕಲೆಯ ಪಕ್ಕದಲ್ಲಿ ತೂಗುಹಾಕುವುದು. ಅದಕ್ಕಾಗಿ ಅವರು ತಮ್ಮ ಜವಾನ ಪಟ್ಟೇವಾಲನನ್ನು ಹಿಂದೆ ಹಾಕಿಕೊಂಡು ಮನೆಮನೆ ನೋಡುತ್ತ ನಮ್ಮ ಮನೆಗೂ ಬಂದರು. ಒಳಗಿನ ಹಗ್ಗದ ಮೇಲೆ ಕೌದಿ ಹರವಿತ್ತು.

ಆ ಕೌದಿಯ ಮಾತು ಹೇಳಬೇಕು. ಅದನ್ನು ಹೊಲಿದವಳು ನಮ್ಮ ಆಯಿ, ಅಪ್ಪನ ತಾಯಿ. ಮನೆಯ ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಹತ್ತಿರ ಹತ್ತಿರ ಟಾಕು ಹಾಕುತ್ತ, ನನ್ನ ಹೊಟ್ಟೆಯ ಕೂಸಿಗೆಂದು ಹೊಲಿದಿದ್ದಳು. ಹೊಲಿಗೆ ನಡೆದಿದ್ದಾಗಲೇ ಅವಳ ಕಣ್ಣು ಪೂರಾ ಹೋದವು. ಆಮೇಲಿನದನ್ನು ಬೆರಳಿನಿಂದಲೇ ಹೊಲಿದಳು. ಇನ್ನೊಂದು ಅಂಥದು ಅವಳಿಂದ ಆಗುವ ಹಾಗಿರಲಿಲ್ಲ. ಮೂರು ಮೂಲೆ ಮುಚ್ಚಿದ್ದವು, ನಾಲ್ಕನೆಯದನ್ನು ಬೇಕೆಂದೇ ಬಿಟ್ಟಿದ್ದಳು. ಕೌದಿ ಮುಗಿಯುವಾಗ ಕಡೆಯ ಮೂಲೆಯೊಳಗೆ ಒಂದು ತುಣುಕು ರೊಟ್ಟಿ ಇಟ್ಟು ಮುಚ್ಚುವುದು ನಮ್ಮ ಮನೆಯ ಪದ್ಧತಿ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಕೂಸಿನ ಕೌದಿಯಾದರೆ ಬಸುರಿಗೆ ದಿನ ತುಂಬಿದ ಮೇಲೆಯೇ ತುಂಬಿಸಬೇಕು, ಕೂಸು ಹುಟ್ಟುವ ಮೊದಲೇ ತುಂಬಿಸಬೇಕು. ಹಸಿವೆಯಲ್ಲಿರುವ ಕೌದಿಯ ಮೇಲೆ ಕೂಸನ್ನು ಮಲಗಿಸುವುದಿಲ್ಲ.

ಬಾಯಿಸಾಹೇಬರು ಕೌದಿ ಮುಟ್ಟಿದರು, ತಿರುಗಿಸಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು, ಬಾಯಿ ತುಂಬ ಹೊಗಳಿದರು. ಮಾಡಿದವಳು ಇವಳೇ ಎಂದು ನಾನು ಆಯಿಯನ್ನು ತೋರಿಸಿದೆ. ಅವರು ಆಯಿಗೆ ಕೈಮುಗಿದರು. ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನಮ್ಮವ್ವ ಬಾಯಿ ತೆರೆದಳು.

"ಒಯ್ರಿ ಬಾಯಾರ, ನಿಮ್ದ ಐತಿ ಅಂತ ತಿಳ್ಕೊರಿ."

ನಮ್ಮ ಕಡೆಯಲ್ಲಿ ಮನೆಗೆ ಬಂದವರು ಏನನ್ನಾದರೂ ಹೊಗಳಿದರೆ ಹೀಗೆ ಹೇಳದಿದ್ದರೆ ಆ ಮನೆಯವರು ಮನುಷ್ಯರೇ ಅಲ್ಲ. ಹೀಗೆ ಹೇಳಿದಾಗ, ನಿಮ್ಮಲ್ಲಿದ್ದರೆ ನಮ್ಮಲ್ಲಿದ್ದ ಹಾಗೇ ಎಂದು ಹೇಳಿ ಚಹಾ ಕುಡಿದು ಎದ್ದುಹೋಗದಿದ್ದರೆ ಬಂದವರೂ ಮನುಷ್ಯರಲ್ಲ. ನಮ್ಮ ಎದುರು ಮನೆಯವರ ಎಮ್ಮೆಯನ್ನು ನಾವು ವಾರಕ್ಕೊಮ್ಮೆ ಹೊಗಳುತ್ತಿದ್ದೆವು, ಅವರು ವಾರಕ್ಕೊಮ್ಮೆ ಅದನ್ನು ನಮಗೆ ಕೊಟ್ಟುಬಿಡುತ್ತಿದ್ದರು. ಎಮ್ಮೆ ಅವರ ಗೋದಲಿಯಲ್ಲೇ ಮುದಿಯಾಯಿತು. ಈ ಒಂದು ಪಾಠವನ್ನು ಯುನಿವರ್ಸಿಟಿಯಲ್ಲಿ ಕಲಿಸಿರಲಿಲ್ಲ. ಬಾಯಿಸಾಹೇಬರು ಶುಕ್ರಿಯಾ ಎಂದರು, ಪಟ್ಟೇವಾಲ ಕೌದಿಯನ್ನು ಸುತ್ತಿ ಹೆಗಲಿಗೇರಿಸಿದ, ಇಬ್ಬರೂ ಹೊಸ್ತಿಲು ದಾಟಿದರು. ಅವ್ವ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು. ಕೊಟ್ಟ ಬಾಯಿಂದಲೇ ಬೇಡ ಎನ್ನುವುದು ಹೇಗೆ? ಸಾಲಿಯಲ್ಲಿ ತೂಗುಹಾಕಿ ಸಂಜೆಗೆ ತಂದುಕೊಡುತ್ತಾರೆ ಎಂದು ಅವಳೇ ತನಗೆ ಸಮಾಧಾನ ಹೇಳಿಕೊಂಡಳು. ಸಂಜೆಗೆ ತರಲಿಲ್ಲ. ಮರುದಿನ ಬೆಳಗ್ಗೆ ಮೋಟಾರು ಕುಷ್ಟಗಿಯ ಹಾದಿ ಹಿಡಿದು ಹೋಗಿತ್ತು, ಕೌದಿ ಸಮೇತ.

ಆಯಿ ಅವತ್ತು ಮೊದಲ ಸಲ ನಮ್ಮವ್ವನ ಮೇಲೆ ಹರಿಹಾಯ್ದಳು. "ಹೊಟ್ಟಿ ತುಂಬಸದ ಕೌದಿ ಹೊಸ್ತಲ ದಾಟಿಸೀಯಲ್ಲ. ಬರಿ ಹೊಟ್ಟಿಲೆ ಇರೋ ಕೌದಿ ಕೂಸಿನ ಪಾಲು ತಿಂತೈತಿ. ಇದೂ ಹೋಗಬೇಕೇನ ಮತ್ತ?"

ಆ ಮಾತು ಬಿದ್ದ ಮೇಲೆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನಾನು ನಾಲ್ಕು ಅಕ್ಷರ ಕಲಿತವಳು, ಇಂಥವನ್ನೆಲ್ಲ ಕೇಳಿ ಮೂಗು ಮುರಿಯುತ್ತಿದ್ದವಳು. ಆದರೆ ಹೊಟ್ಟೆಯಲ್ಲಿ ಕೂಸು ಒದೆಯುವಾಗ ಆ ನಾಲ್ಕು ಅಕ್ಷರ ಯಾವ ಕೆಲಸಕ್ಕೂ ಬರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಕೂಸು ಸ್ವಲ್ಪ ಹೊತ್ತು ಅಲುಗದಿದ್ದರೆ ಕೌದಿಯ ನೆನಪೇ ಬರುತ್ತಿತ್ತು.

ಅಪ್ಪನನ್ನು ಕುಷ್ಟಗಿಗೆ ಅಟ್ಟಿದೆವು. ಅಂಗಡಿಯಲ್ಲಿ ಒಂದು ಗೇಣು ಅರಿವೆಗೆ ತಾಸುಗಟ್ಟಲೆ ವಾದ ಮಾಡುವ ಮನುಷ್ಯ, ಬಿಡಿಸಿಕೊಂಡು ಬಂದೇ ಬರುತ್ತಾನೆ ಎಂದುಕೊಂಡೆವು. ಬಂದ, ಬಣ್ಣದ ಎರಡು ಚಿತ್ರಪಟ ಹಿಡಿದುಕೊಂಡು. ಕೌದಿ ವಾಪಸು ಕೊಡಿ ಎಂದು ಬಾಯಿ ಬಿಟ್ಟು ಕೇಳಿದೆಯಾ ಎಂದು ಅವ್ವ ಕೇಳಿದಳು. ಹೆಂಡತಿ ಕೊಟ್ಟದ್ದನ್ನು ಗಂಡ ಹೋಗಿ ಕೇಳಿದರೆ ಮನೆತನದ ಮಾನ ಏನಾದೀತು ಎಂದು ಅವನು ತಿರುಗಿ ಕೇಳಿದ. ಸುತ್ತಿ ಬಳಸಿ ಹೇಳಿ ನೋಡಿದನಂತೆ. ಆ ಕೌದಿ ಬಹಳ ಛಲೋ ಇತ್ತು ಅಂದ, ಮನೆಯಲ್ಲಿ ಬಸುರಿ ಮಗಳಿದ್ದಾಳೆ ಅಂದ, ಮುದುಕಿ ಅದರದೇ ಧ್ಯಾನ ಮಾಡುತ್ತಾಳೆ ಅಂದ. ಬಾಯಿಸಾಹೇಬರು ಎಲ್ಲಕ್ಕೂ ತಲೆಯಾಡಿಸಿ, ನಿಮ್ಮ ಮನೆಯವರ ದೊಡ್ಡ ಮನಸ್ಸನ್ನು ಪ್ರತಿ ಊರಿನಲ್ಲೂ ಹೇಳುತ್ತಿದ್ದೇನೆ, ಇನ್ನು ಮುಂದೆ ಅದು ನಮ್ಮ ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಶಾಶ್ವತವಾಗಿ ಇರುತ್ತದೆ ಎಂದು ಹೇಳಿ ಪಟ ಕೊಟ್ಟರು. ಅವುಗಳಲ್ಲೊಂದು ಮೂಗಿಲ್ಲದವನದೇ. ಆಯಿಯ ಕೈಗೆ ಕೊಟ್ಟರೆ ಅವಳು ಒಲೆಗೆ ಹಾಕಿಬಿಡುತ್ತಾಳೆಂದು ಅವ್ವ ಅವನ್ನು ಅಟ್ಟದ ಮೇಲೆ ಎಸೆದಳು.

ಗಂಗಾವತಿಗೆ ಹೇಳಿ ಕಳಿಸೋಣವೆಂದರೆ ಅಲ್ಲಿ ನನ್ನ ಅತ್ತೆ ಇದ್ದಳು. ಅವಳ ಮುಂದೆ ನಮ್ಮ ಮನೆಯ ಪೆದ್ದತನ ಬಿಚ್ಚಿಡುವುದಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಎಲ್ಲರೂ ಒಪ್ಪಿದರು. ಕಾಲುವೆ ನೀರಿನ ಕಡೆಯವಳು. ಗದ್ದೆ, ಬಾಳೆತೋಟ ಇದ್ದವಳು, ಆಳುಗಳ ಹತ್ತಿರ ತೆಲುಗಿನಲ್ಲಿ ಬೈಯಬಲ್ಲವಳು. ನಮ್ಮದು ಒಣ ನೆಲ ಎಂದು ಅವಳಿಗೆ ನಮ್ಮ ಮೇಲೆ ಒಂದು ತೂಕ ತಾತ್ಸಾರ ಯಾವಾಗಲೂ ಇತ್ತು. ನನ್ನನ್ನು ತವರಿಗೆ ಬಿಡಲು ಬಂದಾಗ ಅರ್ಧ ಹೊಲಿದ ಕೌದಿ ನೋಡಿ, ಆಯಿ ಹೇಳಿದ ರೊಟ್ಟಿಯ ಪದ್ಧತಿ ಕೇಳಿ, ಅವಳು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ನನ್ನ ಮದುವೆಯಲ್ಲಿ ಅವರ ಮನೆಯಿಂದ ಬಂದ ಹಸಿರು ಕುಬಸದ ತುಂಡೊಂದು ಅದರಲ್ಲಿತ್ತು. ಅದರ ಮೇಲೆ ಬೆರಳಿಟ್ಟು, ಇಷ್ಟು ಬೇಗ ಹರಿದೆಯಾ ಎಂದಷ್ಟೇ ಕೇಳಿದಳು. ಅವಳ ಜತೆ ನನಗೆ ಮಾತು ಕಮ್ಮಿ. ಮೊದಲ ಕೂಸು ಹೋದ ಮೇಲೆ ಇನ್ನೂ ಕಮ್ಮಿಯಾಗಿತ್ತು.

ಮುಂದೆ ಗಂಗಾವತಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅತ್ತೆಯ ಬಾಯಿಂದಲೇ ಕೇಳಿದ್ದು, ಅದೂ ಎಷ್ಟೋ ಸಲ, ಸಲ ಸಲಕ್ಕೂ ಅವಳ ಶೌರ್ಯ ಒಂದು ಗೇಣು ಬೆಳೆಯುತ್ತಿತ್ತು. ಆದರೆ ಅಲ್ಲಿದ್ದ ಬೇರೆಯವರೂ ಹೇಳಿದ್ದನ್ನು ಕೂಡಿಸಿ ನೋಡಿದರೆ ನಡೆದದ್ದು ಹೀಗೆ. ಹೆಂಗಸರ ಮಧ್ಯಾಹ್ನ ಅವಳೂ ಹೋದಳು, ಪುಕ್ಕಟೆ ಇದೆ ಎಂದು. ಗೋಡೆಯ ಮೇಲೆ ಹಸಿರು ತುಂಡು ಕಂಡಳು. ಕನ್ನಡ ಮಾಡಿ ಹೇಳಲು ಅಲ್ಲಿ ಹೆಣ್ಣುಮಕ್ಕಳ ಸಾಲಿಯ ಅಕ್ಕೋರು ನಿಂತಿದ್ದರು. ಕೌದಿಯ ಕೆಳಗಿನ ಚೀಟಿಯಲ್ಲಿ ಏನಿದೆ ಎಂದು ಅತ್ತೆ ಕೇಳಿದಳು. ಹಳ್ಳಿಯ ಹಾಸಿಗೆ, ಮಾಡಿದವರು ಯಾರೆಂದು ತಿಳಿದಿಲ್ಲ ಎಂದು ಅಕ್ಕೋರು ಓದಿದರು. ಆಯಿಗೆ ಕೈಮುಗಿದು ಹೋದ ಬಾಯಿಸಾಹೇಬರಿಗೆ ಇಪ್ಪತ್ತು ಹರದಾರಿ ಹೋಗುವುದರೊಳಗೆ ಆಯಿ ತಿಳಿಯದವಳಾಗಿದ್ದಳು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅತ್ತೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಉಪನ್ಯಾಸವನ್ನು ಕಡೆಯವರೆಗೂ ಕೇಳಿದಳು. ಬಾಯಿಸಾಹೇಬರು ಕೊನೆಗೆ ದನಿ ಏರಿಸಿ, ಸಂಗ್ರಹಾಲಯವೆಂದರೆ ಪಂಡಿತರ ಆಸ್ತಿಯಲ್ಲ, ಅದು ನಿಮ್ಮದು, ಇಲ್ಲಿ ನೀವು ನೋಡಿದ್ದೆಲ್ಲ ನಿಮ್ಮದೇ ಎಂದು ಮುಗಿಸಿದರು. ಅಕ್ಕೋರು ಅದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದರು. ಅತ್ತೆ ಎದ್ದಳು, ಗೋಡೆಯ ಹತ್ತಿರ ಹೋದಳು, ಕೌದಿಯನ್ನು ಗೂಟದಿಂದ ಬಿಡಿಸಿ ನಾಲ್ಕು ಮಡಿಕೆ ಮಾಡಿದಳು. ಪಟ್ಟೇವಾಲ ಅಡ್ಡ ಬಂದ. ಅವಳು ಅವನ ಕಡೆಗೆ ನೋಡಲೂ ಇಲ್ಲ. ಬಾಯಿಸಾಹೇಬರಿಗೆ, ಕೂತ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು.

"ಎಲ್ಲಾ ನಮ್ದ ಅಂದ್ರೆಲ್ರಿ ಈಗ. ಉಳಿದದ್ದು ನಿಮ್ಮಂತ್ಯಾಕ ಇರಲಿ. ಇದೊಂದು ಒಯ್ತೀನಿ, ನಮ್ಮ ಸೊಸಿಗೆ ದಿನ ತುಂಬ್ಯಾವು."

ಬಾಯಿಸಾಹೇಬರು ಅದು ಮಾತಿನ ರೀತಿ, ಅದರ ಅರ್ಥ ಬೇರೆ ಎಂದು ವಿವರಿಸತೊಡಗಿದರಂತೆ. ಮಾತಿನ ರೀತಿಯನ್ನು ನಂಬಿ ಕೌದಿ ಹೊತ್ತು ಒಯ್ದವರು ಹಾಗೆ ವಿವರಿಸುವುದನ್ನು ನಾನು ನೋಡಬೇಕಿತ್ತು. ಅಷ್ಟರಲ್ಲಿ ಹೆಂಗಸರೆಲ್ಲ ಎದ್ದು ಅತ್ತೆಯ ಸುತ್ತ ನಿಂತರು. ಅವಳು ಯಾರ ಮನೆಯವಳೆಂದು ಅಲ್ಲಿ ಗೊತ್ತಿಲ್ಲದವರಿರಲಿಲ್ಲ. ಪಟ್ಟೇವಾಲ ಬಾಗಿಲು ಬಿಟ್ಟ. ಬಾಯಿಸಾಹೇಬರು ಆ ಖಾಲಿ ಜಾಗದಲ್ಲಿ ಯಾವುದೋ ನದಿಯ ಚಿತ್ರ ತೂಗುಹಾಕಿ ಕೊಪ್ಪಳಕ್ಕೆ ಹೊರಟುಹೋದರು. ಗಂಗಾವತಿಯವರಿಗೆ ಕಲೆಯ ಬಗ್ಗೆ ಗೌರವವಿಲ್ಲ ಎಂದು ಕೊಪ್ಪಳದಲ್ಲಿ ಹೇಳಿದರೆಂದು ಕೇಳಿದ್ದೇನೆ.

ಅತ್ತೆ ನಮ್ಮ ಮನೆಯ ಮುಂದೆ ಚಕ್ಕಡಿಯಿಂದ ಇಳಿದಾಗ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೀಗತಿ ಕಂಕುಳಲ್ಲಿ ಕೌದಿ ಇಟ್ಟುಕೊಂಡು ಬಂದದ್ದನ್ನು ಕಂಡು ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಅತ್ತೆ ನಮಗೆ ಯಾರಿಗೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಾಲು ತೊಳೆದು ಬಂದು ಕೌದಿಯನ್ನು ಆಯಿಯ ತೊಡೆಯ ಮೇಲೆ ಇಟ್ಟಳು. ಆಯಿ ಅಂಚಿನುದ್ದಕ್ಕೂ ಬೆರಳಾಡಿಸುತ್ತ ಹೋದವಳು ನಾಲ್ಕನೆಯ ಮೂಲೆಯಲ್ಲಿ ನಿಂತಳು.

"ಈ ಟಾಕು ನಂದಲ್ಲ," ಎಂದಳು.

ನಾನು ನೋಡಿದೆ. ಮೂಲೆ ಮುಚ್ಚಿತ್ತು. ಹರಿದಿದೆ ಎಂದು ತಿಳಿದು ಯುನಿವರ್ಸಿಟಿಯವರು ಅದನ್ನು ರಿಪೇರಿ ಮಾಡಿದ್ದರು. ಬಿಳಿಯ ದಾರ, ಸಣ್ಣ ಸಣ್ಣ ಟಾಕು, ಎಳೆದರೆ ಬಾರದ ಗಂಟು. ಎರಡು ವಾರದಲ್ಲಿ ಅವರು ನಮಗಾಗಿ ಮಾಡಿದ ಒಂದೇ ನಿಜವಾದ ಕೆಲಸ ಅದು: ಹಸಿದ ಕೌದಿಯ ಬಾಯಿ ಹೊಲಿದಿದ್ದರು. ಆಯಿ ಆ ಟಾಕುಗಳನ್ನು ಉಗುರಿನಿಂದ ಕೆರೆಯತೊಡಗಿದಳು. ಬೆಳಗಿನಿಂದ ನನ್ನ ನಡುವಿನಲ್ಲಿ ಏನೋ ಹಿಡಿದಂತಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಅತ್ತೆ ಕೌದಿಯನ್ನು ಎಳೆದುಕೊಂಡು, ಹಲ್ಲಿನಿಂದ ಆ ಗಂಟು ಕಡಿದು, ಟಾಕು ಒಂದೊಂದಾಗಿ ಬಿಚ್ಚತೊಡಗಿದಳು. ಬಿಚ್ಚುತ್ತಲೇ, ಬಿಸಿ ರೊಟ್ಟಿ ಇದ್ದರೆ ತರಬೇಕೆಂದು ಅವ್ವನಿಗೆ ಹೇಳಿದಳು. ಅವ್ವ ತಂದಳು. ಇಷ್ಟು ದೂರ ನೀವು ಇದಕ್ಕಾಗಿ ಬರಬೇಕೇ, ಯಾರ ಕೈಯಲ್ಲಾದರೂ ಕಳಿಸಬಹುದಿತ್ತು ಎಂದು ಅವ್ವ ಸಂಕೋಚದಿಂದ ಏನೇನೋ ಅನ್ನುತ್ತಿದ್ದಳು. ಅತ್ತೆ ತಲೆ ಎತ್ತದೆ ಹೇಳಿದಳು.

"ಹಿಂದಿನ ಕೂಸು ಹೋದಾಗ ಮನ್ಯಾಗ ಅದಕ್ಕಂತ ಒಂದು ಅರಿವಿ ಇರಲಿಲ್ಲ. ನನ್ನ ಸೀರಿ ಸೆರಗು ಹರದು ಸುತ್ತಿ, ಉಡ್ಯಾಗ ಇಟ್ಕೊಂಡು ನಾನ ಹೊಲಕ್ಕ ಹೋದ್ನಿ. ಗಂಡಸರ ಕೈಯಾಗ ಕೊಡಲಿಲ್ಲ. ಈ ಸಲ ಕೂಸಿಗೆ ಅದರದ ಅಂತ ಏನರ ಇರಲಿ."

ಆ ಕೂಸಿನ ಮುಖವನ್ನೂ ನನಗೆ ತೋರಿಸಿರಲಿಲ್ಲ. ಅದನ್ನು ಯಾರು ಒಯ್ದರು, ಹೇಗೆ ಒಯ್ದರು ಎಂದು ಕೇಳುವ ಧೈರ್ಯ ನನಗೆ ಆಗಿರಲಿಲ್ಲ, ಹೇಳುವ ಧೈರ್ಯ ಅವಳಿಗೂ ಆಗಿರಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ದಿನ ಓಡಾಡಿಕೊಂಡಿದ್ದೆವು. ನಾನು ಅವಳ ಭುಜಕ್ಕೆ ತಲೆಯಾನಿಸಿ ಸದ್ದು ಮಾಡಿ ಅತ್ತುಬಿಟ್ಟೆ. ಅವಳು ನನಗೆ ಅಳಬೇಡ ಎನ್ನಲಿಲ್ಲ. ರೊಟ್ಟಿ ಮುರಿದು ಒಂದು ತುಣುಕನ್ನು ಮೂಲೆಯೊಳಗೆ ಬೆರಳಿನಿಂದ ದೂಡಿ, ಸೂಜಿಗೆ ದಾರ ಪೋಣಿಸಿ, ಆಯಿಯ ಕೈ ಹುಡುಕಿ ಅದರಲ್ಲಿ ಇಟ್ಟಳು.

ಆಯಿ ಮೂಲೆ ಮುಚ್ಚಿ ಮುಗಿಸುವುದರೊಳಗೆ ನನಗೆ ನೋವು ಜೋರಾಗಿ ಕಾಣಿಸಿಕೊಂಡಿತು. ಮಗಳು ಮರುದಿನ ಹೊತ್ತೇರುವ ಹೊತ್ತಿಗೆ ಹುಟ್ಟಿದಳು, ದೊಡ್ಡ ದನಿಯಲ್ಲಿ ಅಳುತ್ತ. ಅವಳನ್ನು ಎತ್ತಿಕೊಂಡವಳು ಅತ್ತೆ. ಕೌದಿಯ ಮೇಲೆ ಮಲಗಿಸುವ ಮೊದಲು ನನ್ನ ಹತ್ತಿರ ತಂದು, ಬಗ್ಗಿ, ಮುಖ ತೋರಿಸಿದಳು.